‘ಕಪ್ಪು ದ್ವೀಪ’ದ ಚೀಟಿ ಕಿತ್ತ ಫೋಟೊಗಳು

ಮೆಲನೇಷ್ಯಾ ಅಂದರೆ ‘ಕಪ್ಪು ದ್ವೀಪಗಳು’. ಪೆಸಿಫಿಕ್‌ನಲ್ಲಿ ನ್ಯೂಗಿನಿಯಿಂದ ಫಿಜಿವರೆಗಿನ ದ್ವೀಪಗಳಿಗೆ ಈ ಹೆಸರನ್ನು ಚಾಲ್ತಿಗೆ ತಂದದ್ದು ಫ್ರೆಂಚ್ ನೌಕಾ ಅಧಿಕಾರಿ ಡ್ಯುಮೊಂಟ್ ಡರ್ವಿಲ್, 1832ರಲ್ಲಿ. ಪಾಲಿನೇಷ್ಯಾ ಅಂದರೆ ಹಲವು ದ್ವೀಪಗಳು, ಮೈಕ್ರೊನೇಷ್ಯಾ ಅಂದರೆ ಸಣ್ಣ ದ್ವೀಪಗಳು. ಅಲ್ಲೆಲ್ಲ ನೆಲ ನೋಡಿ ಹೆಸರಿಟ್ಟವರು ಇಲ್ಲಿ ಮಾತ್ರ ಜನರ ಚರ್ಮ ನೋಡಿದರು.

ಮ್ಯೂಸಿಯಂಗಳ ಚೀಟಿಗಳೂ ಇದೇ ದಾರಿ ಹಿಡಿದವು. ವಸ್ತು ಯಾವುದು, ಯಾವ ದ್ವೀಪದ್ದು, ಯಾರು ಸಂಗ್ರಹಿಸಿದರು ಅಂತ ಬರೆದಿರುತ್ತದೆ. ಮಾಡಿದವರ ಹೆಸರು ಸಿಗೋದು ಅಪರೂಪ. ಬರ್ಲಿನ್‌ನ ಹಂಬೋಲ್ಟ್ ಫೋರಂನಲ್ಲಿ ಈಗಿನ ಪಪುವಾ ನ್ಯೂಗಿನಿಗೆ ಸೇರಿದ ಲುಫ್ ದ್ವೀಪದ ದೋಣಿಯಿದೆ, ಸುಮಾರು 15 ಮೀಟರ್ ಉದ್ದದ್ದು. 1882-83ರಲ್ಲಿ ಜರ್ಮನ್ ನೌಕಾಪಡೆ ಅದೇ ದ್ವೀಪದ ಮೇಲೆ ದಂಡೆತ್ತಿ ಹೋಗಿ ಮನೆ, ದೋಣಿಗಳನ್ನು ನಾಶಮಾಡಿತ್ತು. ಇತಿಹಾಸಕಾರ ಗೋಟ್ಸ್ ಆಲಿ 2021ರಲ್ಲಿ ಪುಸ್ತಕ ಬರೆದ ಮೇಲಷ್ಟೇ ಅದು ಜರ್ಮನಿಯಲ್ಲಿ ದೊಡ್ಡ ಚರ್ಚೆಯಾಯ್ತು.

ಕ್ಯಾಮೆರಾ ಕೂಡ ಸಾಚಾ ಏನಲ್ಲ. ವಸಾಹತು ಕಾಲದ ಫೋಟೊಗಳಲ್ಲಿ ಮನುಷ್ಯ ಒಂದು ‘ಮಾದರಿ’ ಅಷ್ಟೇ. 1868ರಿಂದ 75ರವರೆಗೆ ಬ್ರಿಟಿಷರು ಎಂಟು ಸಂಪುಟಗಳಲ್ಲಿ ತಂದ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲಿ ನಮ್ಮವರೂ ಬಹುಪಾಲು ಜಾತಿ, ಬುಡಕಟ್ಟಿನ ಹೆಸರಲ್ಲೇ ನಿಂತಿದ್ದಾರೆ.

ಅದೇ ಕ್ಯಾಮೆರಾವನ್ನು ತಿರುಗಿಸಿ ಹಿಡಿದವರಲ್ಲಿ ನನಗೆ ಮುಖ್ಯ ಅನ್ನಿಸೋದು ಬೂಗನ್‌ವಿಲ್ ಮೂಲದ ಕಲಾವಿದೆ ತಲೋಯ್ ಹವಿನಿ. ಬೂಗನ್‌ವಿಲ್ ಅನ್ನೋದೂ ಒಬ್ಬ ಫ್ರೆಂಚ್ ನಾವಿಕನ ಹೆಸರೇ, ನೋಡಿ! ಅಲ್ಲಿನ ಪಂಗುನಾದ ತಾಮ್ರ-ಚಿನ್ನದ ಗಣಿ 1972ರಿಂದ 1989ರವರೆಗೆ ನಡೆಯಿತು. ನೆಲ, ನದಿ ಹಾಳಾದ ಸಿಟ್ಟು ದಂಗೆಯಾಗಿ, ದಂಗೆ ದಶಕದ ಯುದ್ಧವಾಗಿ, ಸಾವಿರಾರು ಜನ ಸತ್ತರು. ಆ ಯುದ್ಧದ ನಡುವೆ ಹುಟ್ಟಿದವರನ್ನು ಅಲ್ಲಿ ‘ರಕ್ತದ ತಲೆಮಾರು’ ಅಂತಾರೆ. ಹವಿನಿ, ಛಾಯಾಗ್ರಾಹಕ ಸ್ಟುವರ್ಟ್ ಮಿಲ್ಲರ್ ಜೊತೆ ಸೇರಿ 2009ರಿಂದ ತೆಗೆದ ‘ಬ್ಲಡ್ ಜನರೇಷನ್’ ಸರಣಿ ಇವರದ್ದೇ.

ಎಂಜಿನಿಯರಿಂಗ್ ಓದಿದ ನನಗೆ ತೆರೆದ ಗಣಿಯ ಮೆಟ್ಟಿಲುಗಳು ಮೊದಲು ಕಾಣೋದು ಟನ್ನುಗಳ ಲೆಕ್ಕವಾಗಿ. ಇಲ್ಲಿ ಆ ಮೆಟ್ಟಿಲುಗಳ ಮುಂದೆ ಒಬ್ಬ ಮನುಷ್ಯ ನಿಂತಿರುವುದರಿಂದ ಲೆಕ್ಕ ಮುಂದಕ್ಕೆ ಹೋಗೋದಿಲ್ಲ. ಮೈಬಣ್ಣ ಮಂಕಾಗಿಸಿಲ್ಲ, ಅಲ್ಲಿನವರಿಗೆ ಕಪ್ಪು ಹೆಮ್ಮೆಯ ಗುರುತು. ಹೀಗಾಗಿ ಡರ್ವಿಲ್‌ನ ಹೆಸರನ್ನು ಕಿತ್ತೆಸೆಯಬೇಕೋ ತಮ್ಮದಾಗಿಸಿಕೊಳ್ಳಬೇಕೋ ಅನ್ನೋದನ್ನು ಅವರೇ ತೀರ್ಮಾನಿಸಲಿ.

ಈ ಫೋಟೊಗಳೂ ಕೊನೆಗೆ ಹೋಗಿ ಸೇರೋದು ಗ್ಯಾಲರಿ ಗೋಡೆಗೇ, ನಿಜ. ಆದರೆ ಸರಣಿಯ ಕೆಲವು ಚಿತ್ರಗಳ ಶೀರ್ಷಿಕೆಯಲ್ಲೇ ನಿಂತವರ ಹೆಸರಿದೆ, ಪಕ್ಕದಲ್ಲೇ ಪಂಗುನಾ ಗಣಿಯ ಹೆಸರೂ ಇದೆ. ಗ್ಯಾಲರಿಯವರು ಚೀಟಿ ಬರೆಯುವಾಗ ಎರಡನ್ನೂ ಬರೆಯಲೇಬೇಕಾಗುತ್ತದೆ.