ಇರಿವಬೆಡಂಗ, ಗುಣದಬೆಡಂಗಿ: ಮರುಕಥನದಲ್ಲಿ ಪದದ ಆಯ್ಕೆ

ಪೂರ್ವಕವಿಯ ಕೃತಿಯನ್ನು ಮೆಚ್ಚಿ, ಅದರ ಪಾತ್ರಗಳನ್ನೇ ಎತ್ತಿಕೊಂಡು ಹೊಸದಾಗಿ ಬರೆಯುವ ರೂಢಿ ಕನ್ನಡದಲ್ಲಿ ಸಾವಿರ ವರ್ಷಗಳಿಗೂ ಹಿಂದಿನದು. ಇಂದು ‘ಫ್ಯಾನ್ ಫಿಕ್ಷನ್’ ಎಂದು ಹೆಸರಾಗಿರುವ ಬರೆವಣಿಗೆಯ ಮೂಲಪ್ರವೃತ್ತಿ ಇದಕ್ಕಿಂತ ಬಹಳ ಭಿನ್ನವಾದುದಲ್ಲ. ಭಾರತದ ಕಥೆಯನ್ನು ಎತ್ತಿಕೊಂಡ ಕವಿಗೆ ಕಥೆಯಲ್ಲಿ ಸ್ವಾತಂತ್ರ್ಯ ಕಡಮೆ. ದುರ್ಯೋಧನನ ತೊಡೆ ಮುರಿಯಲೇಬೇಕು. ಅವನ ಸ್ವಾತಂತ್ರ್ಯ ಬಹುಮಟ್ಟಿಗೆ ಪದದಲ್ಲಿದೆ. ಈ ಮಾತು ಕಾವ್ಯಕ್ಕೆ ಸಲ್ಲುವಂತೆ ಶಾಸನಕ್ಕೂ ಸಲ್ಲುವುದೆಂಬುದನ್ನು ರನ್ನನ ಗದಾಯುದ್ಧದಿಂದಲೂ, ಸೂಡಿಯ ಚರಿತ್ರೆಗೆ ಸೇರಿದ ಅಕ್ಕಾದೇವಿಯ ಒಂದು ಬಿರುದಿನಿಂದಲೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಪಂಪನು ಕ್ರಿ. ಶ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿ, ವೇಮುಲವಾಡದ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿ ವರ್ಣಿಸಿದನು. ಸುಮಾರು ಅರ್ಧಶತಮಾನದ ಬಳಿಕ ಮುದುವೊಳಲಿನ ರನ್ನನು ಆ ಕಾವ್ಯದ ಹದಿಮೂರನೆಯ ಆಶ್ವಾಸವನ್ನು ಆಧಾರವಾಗಿಟ್ಟುಕೊಂಡು, ನಾಯಕನನ್ನೇ ಬದಲಿಸಿದನು. ಕಲ್ಯಾಣ ಚಾಲುಕ್ಯರ ಸತ್ಯಾಶ್ರಯ ಇರಿವಬೆಡಂಗನು ಇಲ್ಲಿ ಭೀಮ. ಪಂಪನಲ್ಲಿ ಅರ್ಜುನನೊಬ್ಬನ ಸತಿಯಾಗಿದ್ದ ದ್ರೌಪದಿ ಇಲ್ಲಿ ಭೀಮನೊಡನೆ ಪಟ್ಟವೇರುತ್ತಾಳೆ. ಪಂಪನ ನುಡಿಗಟ್ಟುಗಳು ರನ್ನನಲ್ಲಿ ಹೇರಳವಾಗಿ ಬಂದಿವೆ; ಆದರೆ ಇದನ್ನು ಚೌರ್ಯವೆಂದು ಕರೆಯುವುದು ನಮಗೆ ಸರಿದೋರುವುದಿಲ್ಲ. ತಾನು ಓದಿದ ಕಾವ್ಯವನ್ನೇ ಓದಿದ ಸಭೆಗೆ ರನ್ನನು ಹೇಳುತ್ತಿದ್ದನು. ಹಳೆಯ ಪದ ಎಲ್ಲಿ ಉಳಿಯಿತು, ಎಲ್ಲಿ ಮಾರ್ಪಟ್ಟಿತು ಎಂಬುದನ್ನು ಆ ಸಭೆ ಗುರುತಿಸಬಲ್ಲುದಾಗಿತ್ತು.

ಒಂದು ನಿದರ್ಶನ ಸಾಕು. ವೈಶಂಪಾಯನ ಸರೋವರದಲ್ಲಿ ಅಡಗಿದ ಕೌರವನು ಭೀಮನ ಗರ್ಜನೆಯನ್ನು ಕೇಳಿ ನೀರಿನೊಳಗೂ ಬೆವರುವ ಸಂದರ್ಭ ಸುಪ್ರಸಿದ್ಧವಾದುದು. ಅಲ್ಲಿ ರನ್ನನು ಅವನನ್ನು ದುರ್ಯೋಧನನೆಂದಾಗಲಿ ಕೌರವೇಶ್ವರನೆಂದಾಗಲಿ ಕರೆಯದೆ ‘ಉರಗಪತಾಕ’ನೆಂದು ಕರೆಯುತ್ತಾನೆ. ಧ್ವಜದಲ್ಲಿ ಮೆರೆದ ಹಾವು ಈಗ ನೀರಿನಲ್ಲಿ ಅಡಗಿದೆ! ಕಂದಪದ್ಯದ ಅಳತೆಯೂ ಪದವನ್ನು ನಿರ್ಣಯಿಸಿರಬಹುದೆಂದು ಆಕ್ಷೇಪಿಸಬಹುದು. ಒಪ್ಪತಕ್ಕ ಮಾತೇ, ಆದರೆ ಅಳತೆಗೆ ಒಗ್ಗುವ ಪದಗಳು ಹಲವಿರುವಾಗ ಸಮರ್ಥ ಕವಿ ಒಂದನ್ನು ಸುಮ್ಮನೆ ಹಿಡಿಯಲಾರನು.

ಈ ಸತ್ಯಾಶ್ರಯನ ತಮ್ಮ ದಶವರ್ಮನ ಮಗಳೇ ಅಕ್ಕಾದೇವಿ. ಐದನೆಯ ವಿಕ್ರಮಾದಿತ್ಯನಿಗೂ ಎರಡನೆಯ ಜಯಸಿಂಹನಿಗೂ ಈಕೆ ಸೋದರಿ. ಸೂಡಿಯ 1010ರ ಶಾಸನದ ಕಾಲಕ್ಕೆ ಈಕೆ ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಳು. ಸೂಡಿಗೆ ಹೋದವರು ಜೋಡುಕಳಸದ ಗುಡಿಯನ್ನೂ ನಾಗಕುಂಡವನ್ನೂ ನೋಡಿ ಹಿಂದಿರುಗುವುದೇ ಹೆಚ್ಚು. ಶಾಸನಗಳ ಮುಂದೆ ನಿಲ್ಲುವವರು ವಿರಳ. ಅಕ್ಕಾದೇವಿಯನ್ನು ಶಾಸನಗಳು ರಣದಲ್ಲಿ ಭೈರವಿಯೆಂದು ಹೊಗಳುತ್ತವೆ. ‘ಗುಣದಬೆಡಂಗಿ’ ಎಂಬ ಬಿರುದಿನಿಂದಲೂ ಕರೆಯುತ್ತವೆ.

ಈ ಬಿರುದನ್ನು ದೊಡ್ಡಪ್ಪನ ಬಿರುದಿನ ಪಕ್ಕದಲ್ಲಿಟ್ಟು ನೋಡಬೇಕು. ‘ಬೆಡಂಗು’ ಎಂದರೆ ಚೆಲುವು. ಇರಿವಬೆಡಂಗನೆಂದರೆ ಇರಿಯುವುದರಲ್ಲಿ ಚೆಲುವನು. ಬಿರುದನ್ನು ಕಟ್ಟಿದವನು ಉತ್ತರಪದವನ್ನು ಉಳಿಸಿಕೊಂಡು ಪೂರ್ವಪದವನ್ನು ಬದಲಿಸಿದನೆಂದು ನಮ್ಮ ಊಹೆ. ಬೆಡಂಗ ಪದ ಆ ಕಾಲದ ಬೇರೆ ಬಿರುದುಗಳಲ್ಲಿಯೂ ಇದೆ. 982ರಲ್ಲಿ ಶ್ರವಣಬೆಳಗೊಳದಲ್ಲಿ ಮಡಿದ ರಾಷ್ಟ್ರಕೂಟ ಇಂದ್ರನು ‘ಎಳೆವಬೆಡಂಗ’. ಆದರೂ ಒಂದೇ ಮನೆತನದಲ್ಲಿ, ಒಂದು ತಲೆಮಾರಿನ ಅಂತರದಲ್ಲಿ ಬಂದ ಈ ಸಾದೃಶ್ಯವನ್ನು ಆಕಸ್ಮಿಕವೆನ್ನುವುದು ಕಷ್ಟ. ಹಳೆಯ ನುಡಿಯನ್ನು ಕೇಳುಗನ ನೆನಪಿನಲ್ಲಿ ಉಳಿಸಿಯೇ ಹೊಸ ವ್ಯಕ್ತಿಗೆ ಹೊಂದಿಸುವ ಈ ಕೆಲಸ ರನ್ನನು ಪಂಪನ ಕಾವ್ಯದೊಡನೆ ಮಾಡಿದುದೇ ಆಗಿದೆ.

ಚರಿತ್ರಕಾರರು ಕಾವ್ಯದ ಬಿರುದನ್ನು ಅಲಂಕಾರವೆಂದು ಬದಿಗಿರಿಸಿ, ಕಲ್ಲಿನ ಮೇಲಣ ಬಿರುದನ್ನು ಸಾಕ್ಷ್ಯವೆಂದು ಒಪ್ಪುವುದುಂಟು. ಈ ಇಬ್ಬಗೆಯ ನ್ಯಾಯಕ್ಕೆ ಆಧಾರ ಕಾಣದು. ಎರಡನ್ನೂ ಬರೆದವರು ಒಂದೇ ಪದಭಂಡಾರದಿಂದ ಆಯ್ದವರು. ಕಲ್ಲಿನ ಪದವನ್ನೂ ಆಯ್ಕೆಯೆಂದೇ ಓದಿದರೆ ಏನು ಬಿಟ್ಟುಹೋಗಿದೆ ಎಂಬುದು ಗೋಚರಿಸುತ್ತದೆ. ಯುದ್ಧ ಮಾಡಿದ ಈ ಅರಸಿಗೆ ಬಿರುದುಕಾರನು ‘ಇರಿವ’ ಎಂಬುದನ್ನು ಕೊಡಲಿಲ್ಲ. ಅದು ಸಿಂಹಾಸನವೇರಿದವನ ಸೊತ್ತೆಂದು ಭಾವಿಸಿದನೋ, ಹೆಣ್ಣಿಗೆ ಗುಣವೇ ಭೂಷಣವೆಂದು ಬಗೆದನೋ! ನಮಗೆ ಮೊದಲನೆಯದೇ ಹೆಚ್ಚು ಸಂಭವನೀಯವೆಂದು ತೋರುತ್ತದೆ, ಏಕೆಂದರೆ ಭೈರವಿಯ ಹೋಲಿಕೆಗೆ ಯಾವ ಅಡ್ಡಿಯೂ ಬಂದಿಲ್ಲ.

ಆ ಬಿರುದು ಅಕ್ಕಾದೇವಿಗೂ ಒಪ್ಪಿಗೆಯಾಗಿತ್ತೆಂಬುದಕ್ಕೆ ಅರಸೀಬೀದಿಯ, ಅಂದಿನ ವಿಕ್ರಮಪುರದ, 1047ರ ಶಾಸನವಿದೆ. ಅಲ್ಲಿಯ ಬಸದಿಗೆ ಗುಣದಬೆಡಂಗಿ ಜಿನಾಲಯವೆಂದೇ ಹೆಸರು. ಅದಕ್ಕೆ ದತ್ತಿಯನ್ನು ಬಿಟ್ಟಾಗ ಅಕ್ಕಾದೇವಿ ಗೋಕಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿ ಬೀಡುಬಿಟ್ಟಿದ್ದಳು.