ಅನುಭವ: ನಿಲ್

ನಮ್ಮ ಕಡೆ ‘ಅನುಭವ’ ಎನ್ನುವ ಮಾತಿಗೆ ಪುರುಸೊತ್ತಿಲ್ಲ. ಜಮೀನಿನ ಖರೀದಿ ಪತ್ರದಲ್ಲಿ ಅದು ‘ಸ್ವಾಧೀನಾನುಭವ’ವಾಗಿ ಕೂತು, ಹೊಲ ಯಾರ ಕೈಯಲ್ಲಿದೆ, ಯಾರು ಉತ್ತು ಉಣ್ಣುತ್ತಿದ್ದಾರೆ ಎಂದು ಹೇಳುತ್ತದೆ. ಅಣ್ಣತಮ್ಮಂದಿರ ಪಾಲಿನ ಜಗಳಕ್ಕೆ ಕರೆಸುವ ಹಿರಿಯ ‘ಅನುಭವಸ್ಥ’. ‘ಅನುಭವಿಸ್ತಾನ ಬಿಡು’ ಎಂದರೆ ಶಾಪ, ‘ಭಾಳ ಅನುಭವಿಸ್ಯಾಳ’ ಎಂದರೆ ಮರುಕ. ಹಕ್ಕು, ತಿಳಿವಳಿಕೆ, ಸುಖ, ಸಂಕಟ ಎಲ್ಲವನ್ನೂ ಹೊರುವ ಈ ಪದ, ಕೊಪ್ಪಳದ ಝೆರಾಕ್ಸ್ ಅಂಗಡಿಯಲ್ಲಿ ಬಯೋಡಾಟಾದ ಹಾಳೆ ಹತ್ತಿದ ಕೂಡಲೇ ಬಡವಾಗಿಬಿಡುತ್ತದೆ. ಅದರ ಮುಂದೆ ಎರಡು ಚುಕ್ಕೆ, ಆಮೇಲೆ ‘ನಿಲ್’.

ಆ ‘ನಿಲ್’ ಹುಡುಗರದ್ದಲ್ಲ, ಮಾದರಿಯದ್ದು. ಅಂಗಡಿಯ ಕಂಪ್ಯೂಟರಿನಲ್ಲಿ ಯಾವುದೋ ಗೈಡಿನಿಂದ ಟೈಪ್ ಮಾಡಿಟ್ಟ ಒಂದು ಕಡತ ಇರುತ್ತದೆ. ಬಂದವರ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಡಿಗ್ರಿಯ ಅಂಕ ಬದಲಾಗುತ್ತವೆ. ‘ಹಾಬೀಸ್’ ಬದಲಾಗುವುದಿಲ್ಲ, ‘ಕರಿಯರ್ ಆಬ್ಜೆಕ್ಟಿವ್’ ಬದಲಾಗುವುದಿಲ್ಲ, ಅನುಭವದ ಸಾಲೂ ಬದಲಾಗುವುದಿಲ್ಲ. ಗಂಗಾವತಿಯ ಹುಡುಗನ ಹಾಳೆಯೂ ಯಲಬುರ್ಗಾದ ಹುಡುಗಿಯ ಹಾಳೆಯೂ ಅವಳಿ ಮಕ್ಕಳಾಗಿ ಹೊರಬರುತ್ತವೆ.

ಗೈಡು ನಮಗೆ ಹೊಸದಲ್ಲ. ಆದರೆ ನಮ್ಮ ಕೊಪ್ಪಳ ಜಿಲ್ಲೆಯ ಪೇಟೆಗಳಲ್ಲಿ ಗೈಡು ಎಂದರೆ ಪರೀಕ್ಷೆಯ ಗೈಡು: ಎಫ್‌ಡಿಎ, ಎಸ್‌ಡಿಎ, ಪಿಸಿ, ಟಿಇಟಿ. ಇದಕ್ಕೆ ಕಾರಣವಿದೆ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ಸೇರಿತು, ಈ ಭಾಗದವರಿಗೆ ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಬಂತು. ಅದಕ್ಕೆ ಬೇಕಾದ್ದು ಸ್ಥಳೀಯ ವ್ಯಕ್ತಿಯ ಪ್ರಮಾಣಪತ್ರ, ಅರ್ಜಿ, ಪರೀಕ್ಷೆಯ ಅಂಕ. ನೀನು ಏನು ಮಾಡಿದ್ದೀ, ಏನು ಬಲ್ಲೆ ಎಂದು ಅಲ್ಲಿ ಯಾರೂ ಹಾಳೆಯಲ್ಲಿ ಬರೆಸಿಕೊಳ್ಳುವುದಿಲ್ಲ. ಗಿಣಿಗೇರಾ ಸುತ್ತಿನ ಉಕ್ಕಿನ ಕಾರ್ಖಾನೆ, ಕುಕನೂರು ಬಳಿಯ ಭಾನಾಪುರದ ಆಟಿಕೆ ಘಟಕ, ಬೆಂಗಳೂರಿನ ಕಂಪನಿ ಬರೆಸಿಕೊಳ್ಳುತ್ತವೆ. ಅಲ್ಲಿಗೆ ಹೋಗುವಾಗ ನಮ್ಮ ಮಕ್ಕಳ ಕೈಯಲ್ಲಿ ಇರುವುದು ಆ ಅವಳಿ ಹಾಳೆ.

ಒಬ್ಬ ಪದವೀಧರನನ್ನು ಕೂರಿಸಿಕೊಂಡು ಮಾತಾಡಿಸಿ ನೋಡಿ.

‘ಅನುಭವ ಏನೈತಪಾ?’

‘ಏನಿಲ್ರಿ, ಫ್ರೆಶರ್ ಅದೀನ್ರಿ.’

‘ಡಿಗ್ರಿ ಮುಗದು ಎರಡು ವರ್ಷ ಆತಲ್ಲ, ಏನ್ ಮಾಡ್ದಿ?’

‘ಮನ್ಯಾಗ ಇದ್ನಿರಿ. ಸುಗ್ಗ್ಯಾಗ ರೈಸ್ ಮಿಲ್ಲಿಗೆ ಹೋಗ್ತಿದ್ದೆ. ಕಾಂಟಾದ ಮ್ಯಾಲ ಲಾರಿ ತೂಕಾ ಬರೀತಿದ್ದೆ, ಭತ್ತದ್ ಹಸಿ ನೋಡ್ತಿದ್ದೆ.’

ತುಂಗಭದ್ರೆಯ ಎಡದಂಡೆ ಕಾಲುವೆ ನೀರುಣಿಸುವ ಗಂಗಾವತಿ ಸೀಮೆಯಲ್ಲಿ ಸುಗ್ಗಿ ಎಂದರೆ ಎಷ್ಟು ಲಾರಿ, ಎಷ್ಟು ಚೀಲ ಎಂದು ಬಲ್ಲವರಿಗೆ ಗೊತ್ತು. ಖಾಲಿ ಲಾರಿಯ ತೂಕ, ತುಂಬಿದ ಲಾರಿಯ ತೂಕ, ಹಸಿಗೆ ಇಷ್ಟು ಕಡಿತ, ರೈತನ ಎದುರೇ ಚೀಟಿ. ಒಂದಂಕಿ ತಪ್ಪಿದರೆ ಗದ್ದಲ. ಈ ಹುಡುಗ ಅದನ್ನು ಸುಗ್ಗಿಯುದ್ದಕ್ಕೂ ಮಾಡಿದ್ದಾನೆ. ಕಾಳು ಹಲ್ಲಲ್ಲಿ ಕಡಿದು ತೇವ ಅಂದಾಜು ಮಾಡಬಲ್ಲ, ಕಂಪ್ಯೂಟರಿಗೆ ಲೆಕ್ಕ ಏರಿಸಬಲ್ಲ, ಸಿಟ್ಟಾದ ರೈತನಿಗೆ ಸಮಾಧಾನ ಹೇಳಬಲ್ಲ. ಗೋದಾಮು, ಲಾಜಿಸ್ಟಿಕ್ಸ್ ಎಂದು ಜಾಹೀರಾತು ಕೊಡುವ ಕಂಪನಿಗಳು ಹುಡುಕುವುದು ಇದನ್ನೇ. ಅವನ ಹಾಳೆಯಲ್ಲಿ ಮಾತ್ರ ‘ನಿಲ್’.

ಕುಷ್ಟಗಿಯ ಕಥೆ ಇನ್ನೂ ಕಠಿಣ. ಮಳೆ ಕೈಕೊಟ್ಟ ವರ್ಷ ಅಲ್ಲಿಂದ ಮಂಗಳೂರು, ಗೋವಾ, ಬೆಂಗಳೂರಿಗೆ ಗುಳೇ ಹೋಗುತ್ತಾರೆ. ಅಪ್ಪನ ಜೊತೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ಬಂದ ಡಿಪ್ಲೊಮಾ ಹುಡುಗನಿಗೆ ಯಾವ ಸ್ಲ್ಯಾಬಿಗೆ ಎಷ್ಟು ದಪ್ಪದ ಕಬ್ಬಿಣ ಎಂಬುದು ಕೈಯಿಂದಲೇ ಗೊತ್ತು. ಅದನ್ನು ಬರೆಯಲು ಅವನಿಗೆ ನಾಚಿಕೆ. ಗುಳೇ ಎಂಬುದು ಮನೆಯ ಬಡತನದ ಮಾತು, ಅದನ್ನು ಕಾಗದದಲ್ಲಿ ಯಾಕೆ ತೋರಿಸಲಿ ಎನ್ನುತ್ತಾನೆ. ನನಗೆ ಅತ್ಯಂತ ನೋವು ಕೊಡುವ ‘ನಿಲ್’ ಇದು. ಸಿವಿಲ್ ಓದಿದವನಿಗೆ ಕಟ್ಟಡದ ಮೇಲೆ ನಿಂತು ದುಡಿದದ್ದಕ್ಕಿಂತ ದೊಡ್ಡ ಅರ್ಹತೆ ಯಾವುದಿದೆ?

ಕಿನ್ನಾಳದ ಚಿತ್ರಗಾರರ ಮನೆಯ ಮಗಳೊಬ್ಬಳು ಭಾನಾಪುರಕ್ಕೆ ಅರ್ಜಿ ಹಾಕುತ್ತಾಳೆಂದು ಇಟ್ಟುಕೊಳ್ಳಿ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ‘ಕಿಟ್ಟ’ ಕಲಸಿ, ಬಣ್ಣ ಕೂರಿಸುವುದನ್ನು ಚಿಕ್ಕಂದಿನಿಂದ ನೋಡಿ ಮಾಡಿ ಬೆಳೆದವಳು. ಆಟಿಕೆ ಘಟಕಕ್ಕೆ ಕೊಡುವ ಹಾಳೆಯಲ್ಲಿ ಅವಳೂ ಫ್ರೆಶರ್ ಎಂದು ಬರೆದರೆ, ಆ ಮಾದರಿ ಬರೆದುಕೊಟ್ಟ ಗೈಡನ್ನು ಮುಚ್ಚಿಡುವುದೇ ಲೇಸು.

ಈ ಪದಕ್ಕೆ ನಮ್ಮ ನೆಲದಲ್ಲಿ ಎಂಥ ಚರಿತ್ರೆ ಇದೆ! 12ನೇ ಶತಮಾನದ ಕಲ್ಯಾಣದಲ್ಲಿ ಶರಣರು ಸೇರುತ್ತಿದ್ದ ನೆಲೆಯ ಹೆಸರೇ ಅನುಭವ ಮಂಟಪ. ಅಲ್ಲಿ ಕೂತವರು ತಮ್ಮ ಕಸುಬನ್ನು ಹೆಸರಿನ ಮುಂದೆಯೇ ಇಟ್ಟುಕೊಂಡವರು: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಕುಷ್ಟಗಿಯ ನೆರೆಯ ಲಿಂಗಸುಗೂರು ಸೀಮೆಯ ಆಯ್ದಕ್ಕಿ ಮಾರಯ್ಯ. ಬಿದ್ದ ಅಕ್ಕಿ ಆಯುವುದನ್ನೂ ಮುಚ್ಚಿಡಲಿಲ್ಲ. ಶರಣರ ಅನುಭವವೂ ಕಂಪನಿ ಕೇಳುವ ಅನುಭವವೂ ಒಂದೇ ಎನ್ನಲಾರೆ. ಅಲ್ಲಿಯದು ಒಳಗಿನ ಅರಿವು. ಆದರೆ ಕೈ ಮಾಡಿದ ಕೆಲಸಕ್ಕೆ ನಾಚಬಾರದು ಎಂಬುದು ಎರಡಕ್ಕೂ ಸಲ್ಲುತ್ತದೆ.

ಹಾಗೆಂದು ಗೈಡೇ ಬೇಡ ಎನ್ನುವುದಿಲ್ಲ. ಒಳ್ಳೆಯ ಗೈಡು ಹೇಳುವ ಮಾತು ನಿಜ: ಒಂದೇ ಪುಟ ಸಾಕು, ಇತ್ತೀಚಿನದು ಮೊದಲು ಬರಲಿ, ಜಾತಿ ಧರ್ಮ ಮದುವೆಯ ವಿವರ ಬೇಡ, ಪ್ರತಿ ಸಾಲೂ ಮಾಡಿದ ಕೆಲಸದಿಂದ ಶುರುವಾಗಲಿ, ಅಂಕಿ ಇದ್ದರೆ ಅಂಕಿ ಇರಲಿ. ‘ಹಾರ್ಡ್ ವರ್ಕಿಂಗ್’ ಎಂದು ಬರೆಯುವ ಬದಲು ‘ಎರಡು ಸುಗ್ಗಿ ಭತ್ತದ ತೂಕದ ದಾಖಲೆ ನಿರ್ವಹಿಸಿದ್ದೇನೆ’ ಎಂದು ಬರೆದರೆ ಕೇಳುವವನಿಗೆ ಪ್ರಶ್ನೆ ಹುಟ್ಟುತ್ತದೆ, ಹೇಳುವವನಿಗೆ ಉತ್ತರ ಇರುತ್ತದೆ. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿದ್ದರೆ ಅದೂ ಅನುಭವ. ಸ್ತ್ರೀಶಕ್ತಿ ಸಂಘದ ಉಳಿತಾಯ, ಸಾಲ, ಬ್ಯಾಂಕಿನ ಪಾಸ್‌ಬುಕ್ ಲೆಕ್ಕ ನೋಡಿಕೊಂಡ ಹುಡುಗಿಯದು ಅನುಭವ. ಟ್ರ್ಯಾಕ್ಟರ್ ಲೈಸೆನ್ಸೂ ಅನುಭವ. ಸುಳ್ಳು ಮಾತ್ರ ಸೇರಿಸಬೇಡಿ. ಸಂದರ್ಶನದ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ.

ಕಾಲೇಜಿನ ಮೇಷ್ಟ್ರುಗಳಲ್ಲಿ, ಗೈಡು ಅಚ್ಚು ಹಾಕಿಸುವವರಲ್ಲಿ ನನ್ನ ವಿನಂತಿ ಇಷ್ಟೇ: ಮಾದರಿ ಹಾಳೆಗಳಲ್ಲಿ ನಾಲ್ಕಾದರೂ ಈ ಜಿಲ್ಲೆಯವು ಇರಲಿ. ಗಂಗಾವತಿಯ ಮಿಲ್ಲಿನದೊಂದು, ಕುಷ್ಟಗಿಯ ಸೆಂಟ್ರಿಂಗಿನದೊಂದು, ಯಲಬುರ್ಗಾದ ಸಂಘದ ಲೆಕ್ಕದ್ದೊಂದು, ಕೊಪ್ಪಳದ ಕಿನ್ನಾಳದ್ದೊಂದು. ಅವು ಅಚ್ಚಾಗುವ ತನಕ ಕಾಯಬೇಕಿಲ್ಲ. ನಿಮ್ಮ ಮನೆಯಲ್ಲಿ ಕೆಲಸ ಹುಡುಕುವವರು ಇದ್ದರೆ, ಝೆರಾಕ್ಸ್ ಅಂಗಡಿಗೆ ಹೋಗುವ ಮೊದಲು ಅವರ ಜೊತೆ ಕೂತು, ದುಡಿದದ್ದನ್ನೆಲ್ಲ ಕನ್ನಡದಲ್ಲೇ ಒಂದು ಹಾಳೆಗೆ ಬರೆಸಿ. ಇಂಗ್ಲಿಷಿಗೆ ಆಮೇಲೆ ತಿರುಗಿಸಿಕೊಳ್ಳಬಹುದು.