ಕಿವಿಗೆ ಒಂದು, ಕಣ್ಣಿಗೆ ನಾಲ್ಕು

ಬಸ್ ಕಂಡಕ್ಟರ್ ‘ರೈಟ್’ ಎಂದೊಡನೆ ಡ್ರೈವರ್ ಗಾಡಿ ಬಿಡುತ್ತಾನೆ. ಯಾವ ‘ರೈಟ್’ ಎಂದು ಅವನು ಕೇಳಬೇಕಾಗಿಲ್ಲ. ಇಂಗ್ಲಿಷ್ ಡಿಕ್ಟೇಷನ್ ಬರೆಯುವ ಮಕ್ಕಳಿಗೆ ಮಾತ್ರ ಈ ಸೌಕರ್ಯವಿಲ್ಲ. ‘ಸರಿ’ ಎಂಬ ರೈಟ್ ಬೇರೆ, ‘ಬರೆ’ ಎಂಬ ರೈಟ್ ಬೇರೆ. ಧಾರ್ಮಿಕ ವಿಧಿ ಎಂಬರ್ಥದ್ದು ಮೂರನೆಯದು, ಕುಶಲಕರ್ಮಿ ಎಂಬರ್ಥದ್ದು ನಾಲ್ಕನೆಯದು. ವಿಮಾನ ಹಾರಿಸಿದ ರೈಟ್ ಸಹೋದರರ ಮನೆತನದ ಹೆಸರು ಈ ಕೊನೆಯದೇ. ಉಚ್ಚಾರ ಒಂದು, ಕಾಗುಣಿತ ನಾಲ್ಕು.

ಮಕ್ಕಳನ್ನು ಗೋಳುಹೊಯ್ದುಕೊಳ್ಳಲೆಂದು ಯಾರೂ ಇದನ್ನು ಮಾಡಿದ್ದಲ್ಲ. ಒಂದು ಕಾಲಕ್ಕೆ ಇವುಗಳ ಉಚ್ಚಾರವೂ ಬೇರೆಬೇರೆಯಾಗಿತ್ತು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಸರಿ’ ಎಂಬುದನ್ನು ಹೆಚ್ಚುಕಡಿಮೆ ‘ರಿಹ್ಟ್’ ಎಂದೂ, ‘ಬರೆ’ ಎಂಬುದನ್ನು ‘ವ್ರೀಟನ್’ ಎಂದೂ ನುಡಿಯುತ್ತಿದ್ದರು. ವಿಧಿ ಎಂಬರ್ಥದ ಪದ ಲ್ಯಾಟಿನ್ನಿನಿಂದ ಬಂದದ್ದು. ಮುಂದೆ 15ರಿಂದ 17ನೆಯ ಶತಮಾನದವರೆಗೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ‘ಈ’ ಎಂಬುದು ‘ಐ’ ಆಯಿತು. ಮೊದಲಿನ ವಕಾರ ಉದುರಿತು, ನಡುವಿನ ಹಕಾರವೂ ಅಡಗಿತು. ರಾತ್ರಿಯ ‘ನೈಟ್’ ಹಾಗೂ ಕುದುರೆ ಸವಾರ ವೀರನ ‘ನೈಟ್’ ಒಂದಾದದ್ದೂ ಹೀಗೆಯೇ. ಎರಡನೆಯದರ ಮೊದಲಲ್ಲಿ ಈಗ ಮೂಕವಾಗಿರುವ ‘ಕೆ’ ಹಿಂದೆ ಗಟ್ಟಿಯಾಗಿಯೇ ಕೇಳಿಸುತ್ತಿತ್ತು.

ಈ ಬದಲಾವಣೆ ನಡೆಯುತ್ತಿದ್ದಾಗಲೇ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ತೆರೆದ. ಅಚ್ಚಿನ ಮೊಳೆಗಳು ಕ್ರಮೇಣ ಕಾಗುಣಿತವನ್ನು ಹಿಡಿದು ನಿಲ್ಲಿಸಿದವು, ನಾಲಿಗೆ ಮಾತ್ರ ಮುಂದೆ ಓಡಿತು.

ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಉಂಟು. ಹೂವಿನ ‘ಫ್ಲವರ್’ ಮತ್ತು ಹಿಟ್ಟಿನ ‘ಫ್ಲವರ್’ ಮೂಲದಲ್ಲಿ ಒಂದೇ ಪದ. ಬೀಸಿದ ಗೋಧಿಯ ಶ್ರೇಷ್ಠ ಭಾಗವೇ ಅದರ ‘ಹೂವು’. 1755ರ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟಿನಲ್ಲೂ ಎರಡಕ್ಕೂ ಒಂದೇ ಕಾಗುಣಿತ. ಬೇರೆಯಾದದ್ದು ಬರಹದಲ್ಲಷ್ಟೆ.

ಇಂಥ ಪದಗಳು ಭಾಷೆಗೆ ಕೇಡು ಎಂದು ಚಿಂತಿಸಿದವರಲ್ಲಿ ಬ್ರಿಟನ್ನಿನ ಆಸ್ಥಾನಕವಿ ರಾಬರ್ಟ್ ಬ್ರಿಜಸ್ ಪ್ರಮುಖರು. 1919ರಲ್ಲಿ ಅವರು ಇದಕ್ಕೆಂದೇ ಒಂದು ಪುಸ್ತಿಕೆ ಬರೆದರು. ಕಿವಿಗೆ ಬೇರ್ಪಡದ ಪದವನ್ನು ಜನ ಕ್ರಮೇಣ ಕೈಬಿಡುತ್ತಾರೆ, ಭಾಷೆ ಬಡವಾಗುತ್ತದೆ ಎಂಬುದು ಅವರ ಅಂಜಿಕೆ. ಬರ್ನಾರ್ಡ್ ಷಾ ಅವರ ಹಟ ಬೇರೆ ಬಗೆಯದು. ನುಡಿದಂತೆ ಬರೆಯುವ ಹೊಸ ಲಿಪಿಗಾಗಿ ಉಯಿಲಿನಲ್ಲಿ ಹಣವಿಟ್ಟು 1950ರಲ್ಲಿ ತೀರಿಕೊಂಡರು. ಅವರ ಒಂದು ನಾಟಕ 1962ರಲ್ಲಿ ಆ ಲಿಪಿಯಲ್ಲಿ ಅಚ್ಚಾಯಿತು. ಲಿಪಿ ಮಾತ್ರ ನೆಲೆಯೂರಲಿಲ್ಲ. ಊರಿದ್ದರೆ ನಾಲ್ಕು ‘ರೈಟ್’ಗಳೂ ಕಣ್ಣಿಗೂ ಒಂದೇ ಆಗುತ್ತಿದ್ದವು.

ಕನ್ನಡ ಹಿಡಿದದ್ದು ಈ ದಾರಿಯನ್ನೇ. ಹಳಗನ್ನಡದ ೞಕಾರ ಳಕಾರದಲ್ಲಿ ಬೆರೆತುಹೋದಾಗ, 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಪದಗಳನ್ನು ಪಟ್ಟಿ ಮಾಡಿಟ್ಟ. ಆದರೂ ಧ್ವನಿಯ ಹಿಂದೆಯೇ ಅಕ್ಷರವೂ ಹೋಯಿತು. ಬದುಕು ಎಂಬರ್ಥದ ‘ಬಾೞ್’, ಕತ್ತಿ ಎಂಬರ್ಥದ ‘ಬಾಳ್’ ಎರಡೂ ‘ಬಾಳು’ ಆದವು. ಕತ್ತಿಯ ‘ಬಾಳು’ ಈಗ ಹಳೆಯ ಕಾವ್ಯಗಳ ಹೊರಗೆ ಕಾಣಸಿಗುವುದೇ ಅಪರೂಪ.